ಕೀಟಶಾಸ್ತ್ರದ ಇಂಟರ್ನ್‌ಶಿಪ್: ಸಂಬಳ ಕೇಳಿದರೆ ತಪ್ಪಾಗುತ್ತಾ? (ಪುಣೆ / ನವಿ ಮುಂಬಯಿ)

ಗದಗದ ಹುಡುಗಿ, ಪುಣೆ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಎಂ.ಎಸ್ಸಿ. ಪ್ರಾಣಿಶಾಸ್ತ್ರ ಮೊದಲ ವರ್ಷ ಓದುತ್ತಿದ್ದೇನೆ. ಕೀಟಶಾಸ್ತ್ರ ನನ್ನ ವಿಶೇಷ ವಿಷಯ. ಈ ಸೆಮಿಸ್ಟರಿನಲ್ಲಿ ನಾಲ್ಕು ಕ್ರೆಡಿಟ್ಟಿನ ಓಜೆಟಿ (ಹೊರಗೆ ಒಂದು ಕಡೆ ಕೆಲಸ ಮಾಡುತ್ತಾ ಕಲಿಯುವ ತರಬೇತಿ) ಮಾಡಲೇಬೇಕು. ಎರಡು ಕಡೆಯಿಂದ ಬಾ ಅಂದಿದ್ದಾರೆ, ಯಾವುದಕ್ಕೆ ಹೋಗಬೇಕು ಅಂತ ನಾಲ್ಕು ದಿನದಿಂದ ನಿದ್ದೆ ಬರುತ್ತಿಲ್ಲ.

ಒಂದು, ಇಲ್ಲೇ ಪುಣೆಯ ಸಂಶೋಧನಾ ಪ್ರಯೋಗಾಲಯ. ಎಂಟು ವಾರ, ಹತ್ತಿಯ ಗುಲಾಬಿ ಕಾಯಿಕೊರಕದ ಮೇಲೆ ಕೆಲಸ. ಸರ್ಟಿಫಿಕೇಟ್ ಕೊಡುತ್ತಾರೆ, ಸ್ಟೈಪೆಂಡ್ ಇಲ್ಲ. ಇನ್ನೊಂದು, ನವಿ ಮುಂಬಯಿಯ ಪೆಸ್ಟ್ ಕಂಟ್ರೋಲ್ ಕಂಪನಿ. ಎರಡು ತಿಂಗಳು, ತಿಂಗಳಿಗೆ 9,000 ರೂ. ಕ್ಲಾಸಿನಲ್ಲಿ ಎಲ್ಲರೂ ಮೊದಲನೆಯದೇ ಮೇಲು ಅನ್ನುತ್ತಾರೆ. ಕಂಪನಿ ಅಂದರೆ ಜಿರಲೆಗೆ ಔಷಧಿ ಹೊಡೆಯೋದು, ಅದಕ್ಕೆ ಎಂ.ಎಸ್ಸಿ. ಯಾಕೆ ಅನ್ನುತ್ತಾರೆ.

ನನ್ನ ಖರ್ಚು: ಕಾಟ್ ಬೇಸಿಸ್ ರೂಮಿಗೆ (ಹಂಚಿಕೊಂಡ ರೂಮಿನಲ್ಲಿ ಒಂದು ಮಂಚ) 6,000, ಮೆಸ್ಸಿಗೆ 3,200. ಅಪ್ಪ ಗದಗದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಹಮಾಲಿ ಮಾಡುತ್ತಾರೆ. ಬೇಸಿಗೆಯಲ್ಲಿ ಜಿನ್ ನಿಂತರೆ ಅವರಿಗೂ ಕೆಲಸವಿಲ್ಲ. ರಜೆಯ ಎರಡು ತಿಂಗಳು ಊರಿಗೆ ಹೋದರೆ ಮೆಸ್ಸಿನ ದುಡ್ಡಾದರೂ ಉಳಿಯುತ್ತಿತ್ತು.

ಹುಳಗಳ ಹುಚ್ಚು ಹತ್ತಿದ್ದೂ ಅದೇ ಜಿನ್ನಿನಲ್ಲಿ. ಚಳಿಗಾಲದಲ್ಲಿ ಹತ್ತಿ ರಾಶಿಯಿಂದ ಗುಲಾಬಿ ಹುಳಗಳು ಹೊರಬಂದು ಗೋಡೆಗುಂಟ ಹರಿಯುತ್ತಿದ್ದವು. ಅಪ್ಪನಿಗೆ ಬುತ್ತಿ ಕೊಡಲು ಹೋದಾಗ ಹತ್ತನ್ನು ಹಿಡಿದು ಕಡ್ಡಿಪೆಟ್ಟಿಗೆಯಲ್ಲಿ ಹಾಕಿಟ್ಟೆ. ಒಂಬತ್ತು ಪತಂಗವಾದವು. ಒಂದು ಹತ್ತಿಬೀಜದೊಳಗೆ ಸುರುಳಿ ಸುತ್ತಿಕೊಂಡು ಹಾಗೇ ಉಳಿಯಿತು. ಸತ್ತಿದೆ ಅಂದುಕೊಂಡು ಮರೆತುಬಿಟ್ಟೆ. ಮಳೆ ಬಿದ್ದ ಮೇಲೆ ಒಂದು ದಿನ ತೆಗೆದು ನೋಡಿದರೆ ಪೆಟ್ಟಿಗೆಯಲ್ಲಿ ಪತಂಗ! ಅದಕ್ಕೆ ಸುಪ್ತಾವಸ್ಥೆ ಅಂತ ಹೆಸರಿದೆ ಅನ್ನೋದು ಗೊತ್ತಾದದ್ದು ಹೋದ ವರ್ಷ, ಕ್ಲಾಸಿನಲ್ಲಿ. ಆ ಪ್ರಯೋಗಾಲಯದಲ್ಲಿ ಇದೇ ಹುಳದ ಕೆಲಸ ನಡೆಯುತ್ತಿದೆ. ಅದಕ್ಕೇ ಬಿಡಲು ಮನಸ್ಸಿಲ್ಲ.

ಫೋನಿನಲ್ಲಿ ಹೇಳಿದಾಗ ಅವ್ವ ಕೇಳಿದಳು, "ಹುಳಾ ಹಿಡಿಯೋದಕ್ಕ ಯಾರರ ರೊಕ್ಕಾ ಕೊಡತಾರೇನವಾ?" ನನಗೆ ಉತ್ತರ ಹೊಳೆಯಲಿಲ್ಲ. ನೀವು ಹೇಳಿ, ಕೊಡುತ್ತಾರಾ? ಕೇಳಿದರೆ ದುರಾಸೆಯವಳು ಅಂದುಕೊಳ್ಳುತ್ತಾರಾ?

ಕೊಥ್ರೂಡ್ ಕನ್ನಡಿಗ

ಪ್ರಯೋಗಾಲಯಕ್ಕೇ ಹೋಗಿ. ಎಂಟು ವಾರ ಹೇಗೋ ಕಳೆದುಹೋಗುತ್ತೆ, ದೊಡ್ಡ ಸಂಸ್ಥೆಯ ಹೆಸರು ಬಯೋಡೇಟಾದಲ್ಲಿ ಜೀವನಪೂರ್ತಿ ಇರುತ್ತೆ. ಈ ವಯಸ್ಸಿನಲ್ಲಿ ದುಡ್ಡಿನ ಮುಖ ನೋಡಬಾರದು, ಮನೆಯವರಿಂದ ಸ್ವಲ್ಪ ಸಾಲ ತಗೊಳ್ಳಿ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಗೂ ಒಂದು ಅರ್ಜಿ ಹಾಕಿ ನೋಡಿ.

ಸೊರಬದವ, ಘಾಟ್ಕೋಪರ್

ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಮೊದಲು ಮಾಹಿತಿ ತಿದ್ದಿಬಿಡುತ್ತೇನೆ: 2024ರಲ್ಲಿ ಪ್ರಧಾನಮಂತ್ರಿ ಯೋಜನೆ ಶುರುವಾದಾಗ ತಿಂಗಳಿಗೆ 5,000 ರೂ. ಅಂತ ಇಟ್ಟದ್ದು ಹೌದು, ಆದರೆ ಪೂರ್ಣಾವಧಿ ಕಾಲೇಜಿನಲ್ಲಿ ಓದುತ್ತಿರುವವರಿಗೆ ಅದು ಇರಲಿಲ್ಲ. ತಂಗೀ, ಅದರ ಹಿಂದೆ ಅಲೆಯಬೇಡ.

ಇನ್ನು ಸಾಲದ ಮಾತು. ನಾನು 1998ರಲ್ಲಿ ಪುಣೆಗೆ ಬಂದೆ. ಡಿಗ್ರಿ ಮುಗಿಸಿ, ಅನುಭವ ಆಗಲಿ ಅಂತ ಒಂದು ಪ್ರಯೋಗಾಲಯದಲ್ಲಿ ಸಂಬಳವಿಲ್ಲದೆ ಸೇರಿದೆ. ಹೆಸರು ಬೇಡ, ಅಲ್ಲಿದ್ದವರು ಕೆಟ್ಟವರಲ್ಲ. ನನಗೆ ಕೊಟ್ಟ ಕೆಲಸ ಹೆಲಿಕೋವರ್ಪಾ ಸಾಕಣೆ, ಅಂದರೆ ನಮ್ಮ ಕಡಲೆ, ತೊಗರಿಯ ಕಾಯಿಕೊರಕ. ಕಡಲೆಹಿಟ್ಟು, ಯೀಸ್ಟು, ಅಗರ್, ವಿಟಮಿನ್ನು ಎಲ್ಲ ಹಾಕಿ ಬೇಯಿಸಿ, ಬರ್ಫಿಯ ಹಾಗೆ ತಟ್ಟೆಗೆ ಹೊಯ್ದು, ಆರಿದ ಮೇಲೆ ಕತ್ತರಿಸಿ ಕೊಡಬೇಕು. ಮರಿಗಳು ಸಣ್ಣವಿರುವಾಗ ಒಂದೇ ಡಬ್ಬಿಯಲ್ಲಿ ಇರುತ್ತವೆ. ಎರಡು ಸಲ ಪೊರೆ ಬಿಟ್ಟವು ಅಂದರೆ ಒಂದನ್ನೊಂದು ತಿನ್ನಲು ಶುರು. ಅಷ್ಟರೊಳಗೆ ಪ್ರತಿಯೊಂದನ್ನೂ ಬ್ರಷ್ಷಿನ ತುದಿಯಿಂದ ಎತ್ತಿ ಬೇರೆಬೇರೆ ಗೂಡಿಗೆ ಹಾಕಬೇಕು. ಆಮೇಲೆ ದಿನಾ ಹಿಕ್ಕೆ ತೆಗೆಯಬೇಕು, ಬೂಷ್ಟು ಬಂದ ಆಹಾರ ಬದಲಿಸಬೇಕು. ಮೊಟ್ಟೆಯಿಂದ ಪತಂಗದವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಆ ತಿಂಗಳಲ್ಲಿ ನಮಗೆ ಬೇಕಾದ ದಿನ ರಜೆ ಇಲ್ಲ.

ನನ್ನ ಊಟದ ದಾರಿ ಬೇರೆ ಇತ್ತು. ಮದುವೆ ಸೀಸನ್ನಿನಲ್ಲಿ ಮಂಗಲ ಕಾರ್ಯಾಲಯಗಳಲ್ಲಿ ಬಡಿಸಲು ಹೋಗುತ್ತಿದ್ದೆ. ಒಂದು ಪಂಕ್ತಿಗೆ ಇಷ್ಟು ಅಂತ ಕೊಡುತ್ತಿದ್ದರು, ಊಟವೂ ಅಲ್ಲೇ ಆಗುತ್ತಿತ್ತು. ಮೇ ತಿಂಗಳಲ್ಲಿ ಶನಿವಾರ, ಭಾನುವಾರ ಎರಡೂ ದಿನ ಮುಹೂರ್ತ ಬಂತು. ಮರಿ ಬೇರ್ಪಡಿಸಬೇಕಾದ ದಿನವೂ ಅದೇ ಭಾನುವಾರ. ರೂಮಿನ ಬಾಡಿಗೆ ಹತ್ತು ದಿನದಿಂದ ಬಾಕಿ. ನಾನು ಮದುವೆಗೆ ಹೋದೆ. ಸೋಮವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಇನ್ನೂರು ಮರಿಗಳ ಜಾಗದಲ್ಲಿ ಅರವತ್ತೂ ಇರಲಿಲ್ಲ. ಪಿಎಚ್.ಡಿ. ಮಾಡುತ್ತಿದ್ದ ಒಬ್ಬ ಅಕ್ಕನ ಪ್ರಯೋಗಕ್ಕೆ ಇಟ್ಟಿದ್ದ ಮರಿಗಳು ಅವು. ಅವರು ಬೈಯಲಿಲ್ಲ. ಉಳಿದವನ್ನು ಕೂತು ಎಣಿಸಿದರು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಒಂದು ವಾರಕ್ಕೆ ನಾನೇ ಬಿಟ್ಟುಬಂದೆ.

ಬಹಳ ವರ್ಷ ನನ್ನದೇ ತಪ್ಪು, ಈ ಶಾಸ್ತ್ರಕ್ಕೆ ನಾನು ತಕ್ಕವನಲ್ಲ ಅಂತಲೇ ಇದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ತಿಂಗಳಿಗೆ ಒಂದೂವರೆ ಸಾವಿರ ಸಿಕ್ಕಿದ್ದರೆ ಆ ಭಾನುವಾರ ನಾನು ಆ ಡಬ್ಬಿಗಳ ಮುಂದೆ ಕೂತಿರುತ್ತಿದ್ದೆ. ಬೇರೆ ಕೆಲಸವನ್ನು ಬಿಡುವಾದಾಗ ಮಾಡಬಹುದು. ಹುಳದ ಕೆಲಸ ಹಾಗಲ್ಲ. ಬೆಳಕಿನ ಬಲೆಗೆ ರಾತ್ರಿ ಬಿದ್ದದ್ದನ್ನು ಬೆಳಗಾಗುವುದರೊಳಗೆ ತೆಗೆಯದಿದ್ದರೆ ಇರುವೆ ಮುತ್ತಿ ಬರೀ ರೆಕ್ಕೆ ಉಳಿಸುತ್ತವೆ. ಸಂಬಳವಿಲ್ಲದೆ ಇಂಥ ಕೆಲಸ ಯಾರು ಮಾಡಬಲ್ಲರು? ಪುಣೆಯಲ್ಲೇ ಮನೆ ಇರುವ ಮಕ್ಕಳು. ಜಿನ್ನಿನಲ್ಲಿ ಗುಲಾಬಿ ಹುಳ ನೋಡಿ ಬೆಳೆದವಳು ಬಿಟ್ಟುಹೋಗುತ್ತಾಳೆ, ನಷ್ಟ ಪ್ರಯೋಗಾಲಯಕ್ಕೇ.

ನಿಮ್ಮ ಅವ್ವನಿಗೆ ಹೇಳು, ಹುಳ ಹಿಡಿಯುವುದಕ್ಕೆ ದುಡ್ಡು ಕೊಡುವುದು ಹೊಸದೇನಲ್ಲ. 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳಲು ಶುರುವಾದಾಗ ಇದೇ ಪುಣೆಯಿಂದ ವೈರಸ್ ರಿಸರ್ಚ್ ಸೆಂಟರಿನವರು ಬಂದರು, ಈಗಿನ ಎನ್‌ಐವಿ, ಅಂದರೆ ರಾಷ್ಟ್ರೀಯ ವೈರಾಣು ಸಂಸ್ಥೆ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ ಅಂತ ಗೊತ್ತಾದದ್ದು ಆಗ. ಉಣುಗಿಗೆ ಎಂಟು ಕಾಲು, ಲೆಕ್ಕಕ್ಕೆ ಕೀಟವಲ್ಲ, ಆದರೂ ಹಿಡಿದು ಗುರುತಿಸುವುದು ಕೀಟಶಾಸ್ತ್ರದವರೇ. ಕಾಡಿನ ನೆಲದ ಮೇಲೆ ಬಟ್ಟೆ ಎಳೆದುಕೊಂಡು ಹೋದರೆ ಉಣುಗು ಅದಕ್ಕೆ ಹತ್ತಿಕೊಳ್ಳುತ್ತವೆ. ಆಮೇಲಿನ ವರ್ಷಗಳಲ್ಲಿ ನನ್ನ ಸೋದರಮಾವ ಹಾಗೆ ಬಟ್ಟೆ ಎಳೆದವರು, ದಿನಗೂಲಿಗೆ. ಓದಿಲ್ಲದವರಿಗೆ ಕೂಲಿ ಕೊಟ್ಟ ಕೆಲಸವನ್ನು ಎಂ.ಎಸ್ಸಿ. ಹುಡುಗಿಯಿಂದ ಪುಕ್ಕಟೆ ಮಾಡಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಈಗ ಕಂಪನಿ ವಿಷಯ. ಇಪ್ಪತ್ತೆರಡು ವರ್ಷದಿಂದ ನಾನು ಇದೇ ಕೆಲಸದಲ್ಲಿದ್ದೇನೆ. ಜಿರಲೆ ಔಷಧಿ ಇದರಲ್ಲಿ ಒಂದು ಮೂಲೆ ಅಷ್ಟೇ. ಬಿಸ್ಕತ್ತು ಕಾರ್ಖಾನೆ, ಔಷಧ ಕಾರ್ಖಾನೆ, ಗೋದಾಮುಗಳಲ್ಲಿ ನೀಲಿ ದೀಪದ ನೊಣಬಲೆ ಹಾಕಿರುತ್ತಾರೆ, ಒಳಗೆ ಅಂಟಿನ ಹಾಳೆ. ನಾವು ಅದಕ್ಕೆ ಗ್ಲೂಬೋರ್ಡ್ ಅನ್ನುತ್ತೇವೆ. ನಿಗದಿಯ ದಿನ ಆ ಹಾಳೆ ತೆಗೆದು, ಲೆನ್ಸ್ ಹಿಡಿದು, ಏನೇನು ಅಂಟಿದೆ ಅಂತ ಗುರುತಿಸಿ ಎಣಿಸಬೇಕು. ಎರಡು ತಿಂಗಳು ಬರೀ ಇಷ್ಟು ಮಾಡಿದರೂ ಪುಸ್ತಕದ ಅರ್ಧ ಬಾಯಿಪಾಠವಾಗುತ್ತೆ. ಮೈಮೇಲೆ ರೋಮ, ಎಲೆಯ ಹಾಗೆ ಅಗಲ ರೆಕ್ಕೆಯ ಪುಟ್ಟ ನೊಣ ಜಾಸ್ತಿಯಾದರೆ ಚರಂಡಿ ಬಾಯಲ್ಲಿ ಕೆಸರು ಕಟ್ಟಿದೆ. ಗೂನುಬೆನ್ನಿನ ನೊಣ ಬಂದರೆ ನೆಲದ ಕೆಳಗೆ ಕೊಳಚೆ ಪೈಪು ಒಡೆದಿರಬಹುದು, ಟೈಲ್ಸ್ ಎಬ್ಬಿಸಿ ನೋಡಬೇಕು. ಕೆಂಪು ಹಿಟ್ಟಿನ ಹುಳ ಸಿಕ್ಕರೆ ಯಾವುದೋ ಯಂತ್ರದ ಸಂದಿಯಲ್ಲಿ ಹಳೇ ಹಿಟ್ಟು ಕೂತಿದೆ. ದಾಸ್ತಾನು ಧಾನ್ಯ ತಿನ್ನುವ ಕಪ್ರಾ ದುಂಬಿಯ ಒಂದು ಮರಿ ರಫ್ತಿನ ಮಾಲಿನಲ್ಲಿ ಕಂಡರೂ ಕಂಟೇನರು ಹಿಂದಕ್ಕೆ ಬರಬಹುದು. ಗುರುತಿಸಲು ಬರುವವರು ನಮ್ಮಲ್ಲಿ ಬಹಳ ಕಡಿಮೆ. ನಿನ್ನ ಕ್ಲಾಸಿನವರು ಸದರ ಮಾಡುವ ಕೆಲಸ ಇದು.

ಒಂದು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ನ್ಹಾವಾ ಶೇವಾ ಬಂದರಿನ ಕಡೆ ಕಂಟೇನರುಗಳಿಗೆ, ಗೋದಾಮಿನ ರಾಶಿಗಳಿಗೆ ಧೂಪನ ಮಾಡುತ್ತಾರೆ, ಅಂದರೆ ಹುಳ ಸಾಯಲು ವಿಷದ ಗಾಳಿ ಬಿಡುತ್ತಾರೆ: ಮೀಥೈಲ್ ಬ್ರೋಮೈಡ್, ಇಲ್ಲವೇ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಗಾಳಿಯ ತೇವ ತಾಗಿದರೆ ಆ ಮಾತ್ರೆ ಫಾಸ್ಫೀನ್ ಅನ್ನುವ ವಿಷಾನಿಲ ಬಿಡುತ್ತದೆ. ತರಬೇತಿ, ಪರವಾನಗಿ ಇದ್ದವರು ಮಾತ್ರ ಮಾಡಬೇಕಾದ ಕೆಲಸ. 'ಒಂದು ಸಲ ನೋಡ್ಕೊಂಡು ಬಾ' ಅಂತ ಯಾರಾದರೂ ಕಳಿಸಿದರೆ ಹೋಗಬೇಡ. ನಿನ್ನ ಕೆಲಸ ಗುರುತಿಸುವುದು, ಎಣಿಸುವುದು, ವರದಿ ಬರೆಯುವುದು ಅಂತ ಸೇರುವ ಮೊದಲೇ ಪತ್ರದಲ್ಲಿ ಬರೆಸಿಕೋ. ತಿಂಗಳ ಯಾವ ತಾರೀಕಿಗೆ ಹಣ, ಬ್ಯಾಂಕಿಗೋ ಕೈಗೋ, ಓಡಾಟದ ಖರ್ಚು ಬೇರೆಯೋ ಸೇರಿಸಿಯೋ, ಇವೂ ಆ ಪತ್ರದಲ್ಲಿರಲಿ. ನವಿ ಮುಂಬಯಿಯಲ್ಲಿ ಕಾಟಿಗೆ ಪುಣೆಗಿಂತ ಹೆಚ್ಚೇ ಆಗುತ್ತೆ. 12,000 ಕೇಳು. ಕಡಿಮೆ ಅಂದರೆ ರೈಲು ಪಾಸಾದರೂ ಕೊಡಿ ಅನ್ನು.

ಪಿಎಚ್.ಡಿ. ವಿದ್ಯಾರ್ಥಿ, ಪಾಷಾಣ್

ಸೊರಬದ ಅಣ್ಣ ಬರೆದದ್ದು ಓದಿ ನಮ್ಮ ಸಾಕಣೆ ಕೋಣೆಗೆ ಹೋಗಿ ಒಂದು ಸಲ ನೋಡಿಬಂದೆ. ಒಳಗಿನ ಲೆಕ್ಕ ಒಂದು ಸೇರಿಸುತ್ತೇನೆ. ಪ್ರಾಜೆಕ್ಟ್ ಮಂಜೂರಾಗುವಾಗ ಹಣ ಖರ್ಚಿನ ಒಂದೊಂದು ತಲೆಬರಹದ ಮೇಲೆ ಬರುತ್ತೆ: ಸಿಬ್ಬಂದಿ, ರಾಸಾಯನಿಕ, ಪ್ರಯಾಣ, ಕಂಟಿಂಜೆನ್ಸಿ (ಚಿಲ್ಲರೆ ಖರ್ಚು). ಇಂಟರ್ನ್ ಅಂತ ತಲೆಬರಹ ಹೆಚ್ಚಾಗಿ ಇರೋದಿಲ್ಲ. ಆದ್ದರಿಂದ ಪ್ರಯೋಗಾಲಯದ ಸರ್ 'ಇಲ್ಲ' ಅಂದರೆ ಕೊಡಲು ಮನಸ್ಸಿಲ್ಲ ಅಂತಲೇ ಅರ್ಥವಲ್ಲ. 'ಸ್ಟೈಪೆಂಡ್ ಕೊಡ್ತೀರಾ' ಅನ್ನುವ ಬದಲು 'ಪ್ರಾಜೆಕ್ಟಿನಲ್ಲಿ ಫೀಲ್ಡ್ ಅಸಿಸ್ಟೆಂಟ್ ಜಾಗ ಖಾಲಿ ಇದೆಯಾ, ಇಲ್ಲದಿದ್ದರೆ ಹಾಸ್ಟೆಲ್ ರೂಮಾದರೂ ಸಿಗುತ್ತಾ' ಅಂತ ಕೇಳಿ. ಅವರಿಗೂ ಉತ್ತರ ಕೊಡುವುದು ಸುಲಭ.

ಮುಂದಿನ ವರ್ಷಕ್ಕೆ ಈಗಲೇ ನೆನಪಿಟ್ಟುಕೊಳ್ಳಿ: ಬೆಂಗಳೂರು, ದೆಹಲಿ, ಪ್ರಯಾಗರಾಜ್‌ನ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು, ಸ್ಟೈಪೆಂಡ್ ಇದೆ, ಹೋಗಿಬರುವ ರೈಲು ಚಾರ್ಜೂ ಕೊಡುತ್ತಾರೆ. ಆದರೆ ಅರ್ಜಿ ಹಾಕುವುದು ಹಿಂದಿನ ವರ್ಷದ ಕೊನೆಯಲ್ಲಿ. ನಮ್ಮ ಹುಡುಗರು ಮಾರ್ಚಿಯಲ್ಲಿ ಹುಡುಕಲು ಶುರು ಮಾಡುತ್ತಾರೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ದೀಪಾವಳಿ ಹೊತ್ತಿಗೆ ಆ ವೆಬ್‌ಸೈಟ್ ನೋಡುತ್ತಿರಿ.

ಬೆಳಗಾವಿ ಅಕ್ಕ, ವಾಶಿ

ತಂಗಿ, ನಾ ವಾಶಿಯೊಳಗ ಮಾವಿನಹಣ್ಣಿನ ಪ್ಯಾಕ್‌ಹೌಸಿನಾಗ ಕ್ವಾಲಿಟಿ ನೋಡತೀನಿ. ನಂದೂ ಕೀಟಶಾಸ್ತ್ರನ, ಧಾರವಾಡದಾಗ ಕಲ್ತದ್ದು. ನೀ ಕೇಳಿದ್ದು ದುರಾಸಿ ಅಲ್ಲ.

ನಮ್ಮ ಧಂದೆದಾಗ ಹುಳದ ಕಿಮ್ಮತ್ತು ಎಲ್ಲಾರಿಗೂ ತಿಳದದ್ದು 2014ರಾಗ. ಹಿಂದಿನ ವರ್ಷ ನಮ್ಮ ದೇಶದಿಂದ ಯುರೋಪಿಗೆ ಹೋದ ಹಣ್ಣು–ಕಾಯಿಪಲ್ಲೆದಾಗ 207 ಕನ್ಸೈನ್‌ಮೆಂಟಿನೊಳಗ ಹಣ್ಣಿನ ನೊಣದಂಥಾ ಹುಳಾ ಸಿಕ್ಕಿದ್ದು. ಮೇ ಒಂದಕ್ಕ ಆಪೂಸ ಮಾವು ಬಂದ್. ಬರೋಬ್ಬರಿ ಸೀಸನ್ ಒಳಗ. ಜೊತಿಗೆ ಬದನಿಕಾಯಿ, ಹಾಗಲಕಾಯಿನೂ ಬಂದ್. 2015ರ ಜನೇವರಿಗೆ ಮಾವಿಗೆ ಮತ್ತ ಬಾಗಿಲಾ ತಗದರು. ಅಮೇರಿಕಾದ್ದು ಬ್ಯಾರೆ ಲೆಕ್ಕ. ಅಲ್ಲಿಗೆ ಹೋಗೂ ಹಣ್ಣಿಗೆ 2007ರಿಂದ ವಿಕಿರಣ ಕೊಡತಾರ, 400 ಗ್ರೇ (ಗ್ರೇ ಅಂದ್ರ ವಿಕಿರಣದ ಅಳತಿ). ಒಳಗಿನ ಹುಳಾ ಅಲ್ಲೇ ಸಾಯಲಿಕ್ಕಿಲ್ಲ, ಆದ್ರ ಅದರ ಸಂತಾನ ಮುಂದ ಬೆಳೆಯೂದಿಲ್ಲ.

ಇಷ್ಟೆಲ್ಲಾ ಯಂತ್ರ ಇದ್ರೂ ಮೊದಲಿಗೆ ಹಣ್ಣು ಕೊಯ್ದು ನೋಡಾಂವ ಮನುಷ್ಯಾನ. ತೊಟ್ಟಿನ ಕಡೆ ಸೂಜಿ ಚುಚ್ಚಿದಂಗ ಗುರುತು ಅದನೋ, ಒಳಗ ಬಿಳಿ ಮರಿ ಅದನೋ, ಗೊರಟಿನಾಗ ಮೂತಿಹುಳಾ ಕೂತದನೋ, ಕಣ್ಣ ನೋಡಬೇಕು. ಮಾರ್ಚಿಯಿಂದ ಮೇ ತನಕ ನಾವು ಹುಡುಗ್ಯಾರನ್ನ ತಗೋತೀವಿ, ದಿನಕ್ಕ ಇಷ್ಟು ಅಂತ ಕೊಡತೀವಿ, ಚಹಾ–ನಾಷ್ಟಾ ಅಲ್ಲೇ. ಬೆಳಿಗ್ಗೆ ಆರಕ್ಕ ಟ್ರಕ್ ಬರತಾವ, ನಿಂತು ನಿಂತು ಕಾಲು ಬಾತಾವ, ಅದನೂ ಹೇಳಿಬಿಡತೀನಿ. ಕಾಲೇಜಿನವರು ಇದನ್ನ ಓಜೆಟಿ ಅಂತ ಒಪ್ಪತಾರೋ ಇಲ್ಲೋ ಮೊದಲ ಕೇಳಿಕೋ. ನಮ್ಮಲ್ಲಿ ಬಂದ ಇಬ್ಬರಿಗೆ ಒಪ್ಪಿದ್ರು, ಒಬ್ಬಾಕಿಗೆ ಒಪ್ಪಲಿಲ್ಲ. ಆಕಿ ಎರಡು ತಿಂಗಳು ಮಾಡಿದ್ದು ರೊಕ್ಕಕ್ಕ ಆತು, ಕ್ರೆಡಿಟ್ಟಿಗೆ ಆಗಲಿಲ್ಲ, ಭಾಳ ಅತ್ತಳು.

ಗದಗದ ಹುಡುಗಿ, ಪುಣೆ

ಅಣ್ಣಾರ, ಅಕ್ಕಾರ, ಎಲ್ಲರಿಗೂ ಕೈಮುಗಿಯುತ್ತೇನೆ. ಸೊರಬದ ಅಣ್ಣಾರ, ನಿಮ್ಮ ಇನ್ನೂರು ಮರಿಗಳ ಕಥೆಯನ್ನು ಅವ್ವನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿ, "ಪಾಪ, ಆ ಹುಡುಗ ಮದುವಿ ಮನ್ಯಾಗರ ಹೊಟ್ಟಿ ತುಂಬಾ ಉಂಡನೋ ಇಲ್ಲೋ" ಅಂದಳು.

ಒಂದು ಭಯ ಉಳಿದಿದೆ. ಪ್ರಯೋಗಾಲಯದ ಸರ್‌ಗೆ ಹೇಗೆ ಬರೆಯಲಿ? ದುಡ್ಡಿನ ಮಾತು ಮೊದಲ ಸಾಲಿನಲ್ಲೇ ಬರಬೇಕಾ, ಕೊನೆಗಾ? ನಾಲ್ಕು ಸಲ ಬರೆದು ಅಳಿಸಿದ್ದೇನೆ.

ಸೊರಬದವ, ಘಾಟ್ಕೋಪರ್

ನಿಮ್ಮ ಅವ್ವನಿಗೆ ಹೇಳು, ಹೊಟ್ಟೆ ತುಂಬಾ ಉಂಡೆ. ಜಿಲೇಬಿ, ಮಠ್ಠಾ ಎರಡೂ ಇತ್ತು.

ಸರ್‌ಗೆ ಮೊದಲು ಆ ಕಡ್ಡಿಪೆಟ್ಟಿಗೆ ವಿಷಯ ಬರೆ, ಇಲ್ಲಿ ಬರೆದ ಹಾಗೇ. ಹತ್ತರಲ್ಲಿ ಒಂದು ಮಾತ್ರ ಯಾಕೆ ಮಲಗಿತು ಅಂತ ತಿಳಿಯಬೇಕು ಅನ್ನು. ಆಮೇಲೆ ನೇರವಾಗಿ ಬರೆ: ಎಂಟು ವಾರ ಭಾನುವಾರವೂ ಸೇರಿ ಬರಲು ತಯಾರಿದ್ದೇನೆ, ಅದಕ್ಕೆ ರೂಮು, ಊಟಕ್ಕೆ ತಿಂಗಳಿಗೆ ಇಷ್ಟು ಬೇಕಾಗುತ್ತೆ, ದಾರಿ ಇದೆಯಾ. ಖರ್ಚಿನ ಅಂಕಿ ಹಾಕು. ಕ್ಷಮೆ ಕೇಳಬೇಡ.

ಗದಗದ ಹುಡುಗಿ, ಪುಣೆ

ಹನ್ನೊಂದು ದಿನದ ಮೇಲೆ ಬರೆಯುತ್ತಿದ್ದೇನೆ.

ಸರ್ ಮೂರನೇ ದಿನ ಉತ್ತರ ಕೊಟ್ಟರು. ಈ ಬೇಸಿಗೆಗೆ ಪ್ರಾಜೆಕ್ಟಿನಲ್ಲಿ ಹಣವೂ ಇಲ್ಲ, ಹಾಸ್ಟೆಲ್ಲೂ ತುಂಬಿದೆ ಅಂದರು. ಆದರೆ ಬಂದು ಕಾಣು ಅಂದರು. ಹೋದೆ. ಗುಲಾಬಿ ಹುಳದ ಸಾಕಣೆ ಕೋಣೆ ತೋರಿಸಿದರು, ಒಂದು ಗಂಟೆ ಕೂರಿಸಿ ಮಾತಾಡಿದರು. ಹಗಲು ಗಿಡ್ಡವಾಗಿ ಚಳಿ ಬಿದ್ದ ಮೇಲೆ ಬೆಳೆದ ಮರಿಗಳೇ ಹಾಗೆ ಮಲಗುವುದು, ಒಂದೇ ರಾಶಿಯಲ್ಲಿ ಎರಡೂ ಬಗೆ ಇರುತ್ತವೆ ಅಂದರು. ಅಕಾಡೆಮಿ ಫೆಲೋಶಿಪ್ಪಿಗೆ ಅರ್ಜಿ ಹಾಕುವಾಗ ತಮ್ಮ ಪ್ರಯೋಗಾಲಯದ ಹೆಸರು ಬರೆಯಲು ಹೇಳಿದ್ದಾರೆ. ಹೊಸ ಪ್ರಾಜೆಕ್ಟ್ ಬರೆಯುತ್ತಿದ್ದಾರಂತೆ, ಅದರಲ್ಲಿ ವಿದ್ಯಾರ್ಥಿಗೆ ಅಂತ ಒಂದು ಸಾಲು ಹಾಕುತ್ತೇನೆ ಅಂದರು. ಈ ಮಾತು ಅವರಾಗಿ ಹೇಳಿದ್ದು, ನಾನು ಕೇಳಿರಲಿಲ್ಲ.

ಕಂಪನಿಯವರು 12,000ಕ್ಕೆ ಒಪ್ಪಲಿಲ್ಲ. 10,000 ಮತ್ತು ರೈಲು ಪಾಸ್. ಪತ್ರ ಬಂದಿದೆ: ಗ್ಲೂಬೋರ್ಡ್ ಗುರುತಿಸುವುದು, ಗೋದಾಮಿನ ಬಲೆಗಳ ಎಣಿಕೆ, ವಾರದ ವರದಿ. ಧೂಪನದ ಜಾಗಕ್ಕೆ ಕಳಿಸುವುದಿಲ್ಲ ಅಂತ ಒಂದು ಸಾಲು ಬೇಕು ಅಂದೆ. ಎಚ್.ಆರ್.ನವರಿಗೆ ಅರ್ಥವಾಗಲಿಲ್ಲ. ಅವರ ಟೆಕ್ನಿಕಲ್ ಮ್ಯಾನೇಜರು ಫೋನ್ ತಗೊಂಡು, ಯಾರು ಹೇಳಿಕೊಟ್ಟರು ನಿನಗೆ ಅಂತ ಕೇಳಿ, ತಾವೇ ಬರೆಸಿದರು. ಕಾಲೇಜಿನಿಂದ ಓಜೆಟಿಗೆ ಒಪ್ಪಿಗೆಯನ್ನೂ ಬರಹದಲ್ಲಿ ತಗೊಂಡಿದ್ದೇನೆ, ಬೆಳಗಾವಿ ಅಕ್ಕಾರ ಹೇಳಿದ ಮೇಲೆ.

ಸೋಮವಾರದಿಂದ ಕೆಲಸ. ಆಫೀಸು ತುರ್ಭೆ. ನೆರೂಳ್ ಅಥವಾ ವಾಶಿ ಕಡೆ ಹೆಣ್ಣುಮಕ್ಕಳಿಗೆ ಎರಡು ತಿಂಗಳಿಗೆ ಕಾಟ್ ಸಿಗುವ ಜಾಗ ಯಾರಿಗಾದರೂ ಗೊತ್ತಿದೆಯಾ? ಬಾಡಿಗೆ 6,500 ದಾಟಬಾರದು.

ಬೆಳಗಾವಿ ಅಕ್ಕ, ವಾಶಿ

ನಮ್ಮ ಪ್ಯಾಕ್‌ಹೌಸಿನ ಇಬ್ಬರು ಹುಡುಗ್ಯಾರು ಸಾನ್‌ಪಾಡಾದಾಗ ರೂಮ್ ಮಾಡ್ಯಾರ, ಮೂರನೇದಾಕಿ ಊರಿಗೆ ಹೋದಳು. ಅಲ್ಲಿಂದ ತುರ್ಭೆ ಒಂದ ಸ್ಟೇಶನ್. ಡಿಪಾಜಿಟ್ ನಾ ಮಾತಾಡತೀನಿ. ರವಿವಾರ ಮುಂಜಾನೆ ಬಾ, ಮೊದಲ ನಮ್ಮ ಮನಿಗೆ ಬಂದು ನಾಷ್ಟಾ ಮಾಡಿ ಹೋಗು.